ಕೇಶ ಕುಶಲ: ನೀರಿಲ್ಲದ ದಿನ ತಲೆಗೆ ಯಾವ ಹಿಟ್ಟು?

ಪ್ರಶ್ನೆ: ಅಕ್ಕಾ, ನಾನು ಬೆಂಗಳೂರಿನ ಪಿ.ಜಿ.ಯಲ್ಲಿದ್ದೇನೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ, ವಾರಕ್ಕೆ ಎರಡೇ ಸಲ ತಲೆಸ್ನಾನ. ಮೂರನೇ ದಿನಕ್ಕೆ ಹಣೆ ಹತ್ತಿರದ ಕೂದಲೆಲ್ಲ ಜಿಡ್ಡಾಗಿ ಅಂಟಿಕೊಳ್ಳುತ್ತದೆ. ಮೊಬೈಲಿನಲ್ಲಿ ನೋಡಿ ಅಕ್ಕಿ ಹಿಟ್ಟಿಗೆ ಅಡುಗೆ ಸೋಡಾ ಬೆರೆಸಿ ಹಚ್ಚಿದೆ. ತಲೆ ಬೂದಿ ಬಣ್ಣವಾಯ್ತು, ತುರಿಕೆ ಬೇರೆ. ನೀರಿಲ್ಲದೆ ಜಿಡ್ಡು ತೆಗೆಯುವ ಪುಡಿ, ಅದೇ ಡ್ರೈ ಶಾಂಪೂ, ಮನೆಯಲ್ಲೇ ಮಾಡೋದು ಹೇಗೆ?
– ಹೆಸರು ಬೇಡ, ವಿಜಯನಗರ, ಬೆಂಗಳೂರು

ಉತ್ತರ: ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾನೂ ಇದನ್ನೇ ಮಾಡಿಕೊಂಡವಳು. ಸಾಗರದಲ್ಲಿ ಪಾರ್ಲರ್ ಶುರು ಮಾಡಿದ ಹೊಸದರಲ್ಲಿ ನಾದಿನಿಯ ಮದುವೆ ಬಂತು. ಮದುಮಗಳ ಜಡೆ, ಬಂದವರ ಜಡೆ ಎಲ್ಲ ಮುಗಿಸುವಷ್ಟರಲ್ಲಿ ನನ್ನ ತಲೆಗೆ ನೀರು ಹಾಕಲು ಪುರುಸೊತ್ತಿಲ್ಲ. ಚಕ್ಕುಲಿಗೆ ಇಟ್ಟಿದ್ದ ಅಕ್ಕಿ ಹಿಟ್ಟನ್ನೇ ಬೈತಲೆಗೆ ಉದುರಿಸಿಕೊಂಡೆ. ಕನ್ನಡಿಯಲ್ಲಿ ಚೆನ್ನಾಗೇ ಕಂಡಿತು. ಫೋಟೋ ಬಂದಾಗ ನೋಡಬೇಕಿತ್ತು! ಫ್ಲ್ಯಾಶ್ ಬೆಳಕಿಗೆ ಬೈತಲೆ ಉದ್ದಕ್ಕೂ ಬೆಳ್ಳಗೆ. 'ಗಿರಣಿಯಿಂದ ನೇರ ಮಂಟಪಕ್ಕೆ ಬಂದ್ಯಾ' ಅಂತ ನಮ್ಮತ್ತೆ ಈಗಲೂ ಕೇಳುತ್ತಾರೆ.

ಗಿರಣಿಯ ಅಕ್ಕಿ ಹಿಟ್ಟು ಎಷ್ಟೇ ನುಣ್ಣಗಿದ್ದರೂ ಅದು ಅಕ್ಕಿಯ ಪುಡಿಯೇ, ತರಿ ಇದ್ದೇ ಇರುತ್ತದೆ. ಅದು ಕೂದಲ ಮೇಲೆ ಕೂತು ಎದ್ದು ಕಾಣುತ್ತದೆ. ಜಿಡ್ಡು ಹೀರಲು ಬೇಕಾಗಿರುವುದು ಬರೀ ಪಿಷ್ಟ. ಅದಕ್ಕೆ ಕೂವೆ ಹಿಟ್ಟು ಬಹಳ ಒಳ್ಳೆಯದು. ಪೇಟೆಯಲ್ಲಿ ಅರಾರೂಟ್ ಅಂತ ಕೇಳಿ. ನಮ್ಮಮ್ಮ ಮನೆಯಲ್ಲೇ ಮಾಡುತ್ತಿದ್ದರು. ಗೆಡ್ಡೆ ತುರಿದು, ನೀರಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ ಇಟ್ಟರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಮೇಲಿನ ನೀರು ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಚೆಲ್ಲಿ, ಕೊನೆಗೆ ಬಿಸಿಲಿಗೆ. ಒಣಗಿದ್ದನ್ನು ಬೆರಳಲ್ಲಿ ಹಿಡಿದು ತಿಕ್ಕಿದರೆ ಕಿರ್ ಕಿರ್ ಅನ್ನುತ್ತದೆ. ಅದು ಸಿಗದಿದ್ದರೆ ಅಂಗಡಿಯ ಬಿಳಿ ಕಾರ್ನ್ ಫ್ಲೋರ್ ಸಾಕು. ಹಳದಿ ಮೆಕ್ಕೆಜೋಳದ ಹಿಟ್ಟು ತರಬೇಡಿ, ಅದು ಬೇರೆಯೇ.

ನಮ್ಮದು ಕಪ್ಪು ಕೂದಲು. ಹಾಗಾಗಿ 4 ಚಮಚ ಹಿಟ್ಟಿಗೆ 2 ಚಮಚ ಕೋಕೋ ಪುಡಿ ಸೇರಿಸಿ. ಸಕ್ಕರೆ ಇಲ್ಲದ ಬರೀ ಕೋಕೋ, ನೆನಪಿರಲಿ. ನಮ್ಮ ಗಿರಾಕಿಯೊಬ್ಬರು ಹಾಲಿಗೆ ಹಾಕುವ ಚಾಕಲೇಟ್ ಪುಡಿ ಬೆರೆಸಿ, ಬೆಳಗ್ಗೆ ದಿಂಬಿನ ತುಂಬ ಇರುವೆ ಕಂಡಿದ್ದರು! ಪರಿಮಳ ಬೇಕಿದ್ದರೆ ಅರ್ಧ ಚಮಚ ಲಾವಂಚದ ಬೇರಿನ ಪುಡಿ ಹಾಕಿ. ಎಲ್ಲವನ್ನೂ ತೆಳು ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿದು, ಒಣಗಿದ ಡಬ್ಬಿಗೆ ತುಂಬಿ.

ಹಚ್ಚುವುದಕ್ಕೆ ಕೆನ್ನೆಗೆ ರಂಗು ಹಚ್ಚುವ ದಪ್ಪ ಬ್ರಷ್ ಇರುತ್ತಲ್ಲ, ಅದೇ ಸರಿ. ಅದ್ದಿ, ಡಬ್ಬಿಯ ಅಂಚಿಗೆ ಒಮ್ಮೆ ತಟ್ಟಿ, ಕೂದಲು ಬಿಡಿಸಿ ಬುಡಕ್ಕೆ ಮಾತ್ರ ಹಚ್ಚಿ. ಕಣ್ಣು ಮುಚ್ಚಿಕೊಳ್ಳಿ, ಪುಡಿ ಮೂಗಿಗೆ ಹೋಗದ ಹಾಗೆ ನೋಡಿಕೊಳ್ಳಿ. 10 ನಿಮಿಷ ಸುಮ್ನೆ ಬಿಡಿ. ಆಮೇಲೆ ಬೆರಳ ತುದಿಯಲ್ಲಿ ತಿಕ್ಕಿ, ತಲೆ ಬಗ್ಗಿಸಿ ಚೆನ್ನಾಗಿ ಬಾಚಿ ಕೊಡವಿ. ಬೆವರಿದ ತಲೆಗೆ ಹಚ್ಚಿದರೆ ಗಂಟು ಗಂಟಾಗಿ ಅಂಟಾಗುತ್ತದೆ, ಮೊದಲು ಫ್ಯಾನ್ ಕೆಳಗೆ ಕೂತು ಆರಿಸಿಕೊಳ್ಳಿ. ಬಿಳಿ ದಿಂಬಿನ ಕವರ್ ಇದ್ದರೆ ಆ ದಿನ ತೆಗೆದಿಡಿ.

ಇನ್ನು ಆ ಸೋಡಾ. ಅದು ಕ್ಷಾರ. ನಮ್ಮ ತಲೆಯ ಚರ್ಮದ ಪಿ.ಎಚ್. ಸುಮಾರು 5.5, ಅಂದರೆ ತುಸು ಹುಳಿ ಕಡೆಗೆ. ಸೋಡಾದ್ದು 8ಕ್ಕೂ ಮೇಲೆ. ಬೆವರಿಗೆ ಕರಗಿ ಚರ್ಮಕ್ಕೆ ತಾಗಿದರೆ ತುರಿಕೆ ಬರದೆ ಇನ್ನೇನು? ಕೂದಲೂ ಒರಟಾಗುತ್ತದೆ. ಅದನ್ನು ಬೋಂಡಾಕ್ಕೆ ಬಿಡಿ. ತುರಿಕೆ ಪೂರ್ತಿ ಹೋಗುವ ತನಕ ಕೂವೆ ಹಿಟ್ಟನ್ನೂ ಹಚ್ಚಬೇಡಿ. ಆಮೇಲೂ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಡ. ಇದು ಜಿಡ್ಡು ಹೀರುತ್ತದೆ ಅಷ್ಟೇ, ಕೊಳೆ ತೆಗೆಯುವುದಿಲ್ಲ.

ಪ್ರಶ್ನೆ: ಸೀಗೆಕಾಯಿ ಪುಡಿಯನ್ನೇ ಒಣಗಿದ್ದು ಉದುರಿಸಿಕೊಂಡರೆ ಆಗಲ್ವಾ? ಎಷ್ಟೆಂದರೂ ಅದೇ ನಮ್ಮ ಶಾಂಪೂ ತಾನೆ?
– ಗೃಹಿಣಿ, ಹಾವೇರಿ

ಉತ್ತರ: ಆಗಲ್ಲ. ಸೀಗೆಕಾಯಿಯ ನೊರೆ ಏಳುವ ಗುಣವೇ ಅದರ ಕೆಲಸ, ನೀರಿಲ್ಲದೆ ಅದು ಏಳುವುದಿಲ್ಲ. ಅಂಟುವಾಳದ ಕಥೆಯೂ ಅಷ್ಟೇ. ಮೇಲಾಗಿ ಸೀಗೆಕಾಯಿ ಕುಟ್ಟುವ ದಿನ ಮನೆಮಂದಿಯೆಲ್ಲ ಸೀನಿದ್ದು ನೆನಪಿದೆ ಅಲ್ವಾ? ಅದನ್ನು ದಿನವಿಡೀ ತಲೆ ಮೇಲೆ ಹೊತ್ತು ಓಡಾಡುವುದು, ಬೆವರಿನ ಜೊತೆ ಕಣ್ಣಿಗೆ ಇಳಿಸಿಕೊಳ್ಳುವುದು ಯಾಕೆ? ಕಡಲೆ ಹಿಟ್ಟೂ ಬೇಡ, ಬೆವರು ತಾಗಿದರೆ ಹಸಿ ಹಿಟ್ಟಿನ ವಾಸನೆ.

ಪ್ರಶ್ನೆ: ಮುಖದ ಟಾಲ್ಕಂ ಪೌಡರ್ ಆದೀತೆ? ಇಲ್ಲಾ ಡ್ರೈ ಶಾಂಪೂವಿನ ಸ್ಪ್ರೇ ಡಬ್ಬಿಯೇ ಕೊಳ್ಳಲೇ?
– ಕಾಲೇಜು ವಿದ್ಯಾರ್ಥಿನಿ, ಪುತ್ತೂರು

ಉತ್ತರ: ಟಾಲ್ಕ್ ಜಿಡ್ಡು ಹೀರುತ್ತದೆ ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2024ರಲ್ಲಿ ಅದನ್ನು ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಸಾಲಿಗೆ ಸೇರಿಸಿತು. ಒಮ್ಮೆ ಹಚ್ಚಿದ್ದಕ್ಕೆ ಹೆದರಬೇಕಿಲ್ಲ. ಆದರೂ ಮೂಗಿನ ಹತ್ತಿರ ಹಾರುವ ಪುಡಿ, ಅಡುಗೆಮನೆಯಲ್ಲೇ ಬೇರೆ ಇರುವಾಗ ಅದು ಬೇಡ ಅನ್ನುತ್ತೇನೆ. ಸ್ಪ್ರೇ ಕೊಂಡರೆ ತಪ್ಪೇನಿಲ್ಲ. 2022ರಲ್ಲಿ ಅಮೆರಿಕದಲ್ಲಿ ಕೆಲವು ಡಬ್ಬಿಗಳಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ಎಂಬ ರಾಸಾಯನಿಕ ಇರಬಹುದೆಂದು ಮಾರುಕಟ್ಟೆಯಿಂದ ವಾಪಸ್ ತರಿಸಿಕೊಂಡಿದ್ದರು. ಹಾಗಾಗಿ ಕಿಟಕಿ ತೆಗೆದು ಬಳಸಿ. ಡಬ್ಬಿಯೊಳಗಿನ ಗ್ಯಾಸ್‌ಗೆ ಬೆಂಕಿ ಹತ್ತುತ್ತದೆ, ಒಲೆ, ದೀಪದ ಹತ್ತಿರ ಹೊಡೆಯಬೇಡಿ. ಅಂದಹಾಗೆ, ನಿಮ್ಮ ಊರ ಕಡೆ ಕೂವೆ ಹುಡಿ ಸಿಗುತ್ತದೆ, ಒಮ್ಮೆ ಸಂತೆಯಲ್ಲಿ ವಿಚಾರಿಸಿ. ತಲೆಗೆ ಹಚ್ಚಿ ಉಳಿದದ್ದು 'ಮಣ್ಣಿ' ಎಂಬ ಸಿಹಿ ತಿಂಡಿಗಾಯಿತು.