ಪ್ರಶಸ್ತಿ ಬಂದ ಚಿತ್ರವನ್ನು ನೋಡುವುದೆಲ್ಲಿ?

ಪ್ರಶ್ನೆ: 2025ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಸಮಾರಂಭದಲ್ಲಿ ಗೌರವ ಸಂದದ್ದು 2023ರ ಚಿತ್ರಗಳಿಗೆ. ಇಷ್ಟು ತಡವೇಕೆ? ಪ್ರಶಸ್ತಿ ಪಡೆದ ಎಷ್ಟೋ ಕನ್ನಡ ಚಿತ್ರಗಳು ನಮ್ಮೂರಿನ ಚಿತ್ರಮಂದಿರಕ್ಕೆ ಬಂದದ್ದೇ ಇಲ್ಲ. ಜನ ನೋಡದ ಚಿತ್ರಕ್ಕೆ ಪ್ರಶಸ್ತಿ ಕೊಡುವುದು ಸರಿಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಡವಾಗುತ್ತಿರುವುದು ಇತ್ತೀಚಿನ ವರ್ಷಗಳಲ್ಲಿ. 2012ರಿಂದ 2018ರವರೆಗೆ ಪ್ರತಿ ವರ್ಷವೂ ಸಮಾರಂಭ ಮೇ 3ರಂದೇ ನಡೆಯುತ್ತಿತ್ತು. ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರಲ್ಲಿ ತೆರೆ ಕಂಡ ದಿನವದು. 2019ರಲ್ಲಿ ಲೋಕಸಭಾ ಚುನಾವಣೆಯಿಂದಾಗಿ ಘೋಷಣೆಯೇ ಮುಂದಕ್ಕೆ ಹೋಯಿತು. ಅದರ ಬೆನ್ನಿಗೇ ಕೊರೊನಾ ಬಂದು, 2019ರ ಚಿತ್ರಗಳ ಪ್ರಶಸ್ತಿ ಪ್ರದಾನವಾದದ್ದು 2021ರ ಅಕ್ಟೋಬರ್‌ನಲ್ಲಿ. ಅಂದು ಬಿದ್ದ ಅಂತರವನ್ನು ಇಂದಿಗೂ ತುಂಬಿಸಿಲ್ಲ. ಇನ್ನು ಮುಂದಾದರೂ ತುಂಬಿಸಬೇಕು.

ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯವಾದದ್ದು. ಈ ಪ್ರಶಸ್ತಿಗೆ ಗಣನೆಗೆ ಬರುವುದು ಚಿತ್ರ ಬಿಡುಗಡೆಯಾದ ದಿನಾಂಕವಲ್ಲ, ಆ ವರ್ಷದ ಜನವರಿಯಿಂದ ಡಿಸೆಂಬರ್‌ನೊಳಗೆ ಸೆನ್ಸಾರ್ ಪ್ರಮಾಣಪತ್ರ ದೊರೆತಿದೆಯೇ ಎಂಬುದು. ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ತೀರ್ಪುಗಾರರು ಕೇಳುವುದಿಲ್ಲ. ‘ನಾನು ಅವನಲ್ಲ ಅವಳು’ ಚಿತ್ರದ ಅಭಿನಯಕ್ಕಾಗಿ ಸಂಚಾರಿ ವಿಜಯ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಘೋಷಣೆಯಾದದ್ದು 2015ರ ಮಾರ್ಚ್‌ನಲ್ಲಿ. ಚಿತ್ರ ತೆರೆಗೆ ಬಂದದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಎಂ.ವಿ. ವಾಸುದೇವರಾವ್ ಮತ್ತು ಚಾರುಹಾಸನ್ ಅವರ ನಂತರ ಕನ್ನಡ ಚಿತ್ರವೊಂದಕ್ಕೆ ಈ ಗೌರವ ತಂದ ಮೂರನೆಯ ನಟ ಅವರು. ಲಿಂಗತ್ವ ಅಲ್ಪಸಂಖ್ಯಾತರ ಬದುಕನ್ನು ಕುರಿತ ಆ ಚಿತ್ರ ಮೊದಲು ಬಿಡುಗಡೆಯಾಗಿ, ಒಂದು ವಾರ ಓಡಿ, ಆಮೇಲೆ ಪರಿಗಣನೆಗೆ ಬರಬೇಕೆಂಬ ನಿಯಮವಿದ್ದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಕರಾವಳಿಯ ಬ್ಯಾರಿ ಭಾಷೆಯ ‘ಬ್ಯಾರಿ’ ಚಿತ್ರವು 2011ರ ಅತ್ಯುತ್ತಮ ಚಿತ್ರಕ್ಕೆ ಮೀಸಲಾದ ಸ್ವರ್ಣ ಕಮಲವನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ದೊಡ್ಡ ಮಾರುಕಟ್ಟೆಯಿಲ್ಲದ ಭಾಷೆಯೊಂದು ಆ ಎತ್ತರಕ್ಕೆ ಏರಲು ಸಾಧ್ಯವಾದದ್ದು ಈ ನಿಯಮದಿಂದಲೇ ಎಂದು ನಾನು ನಂಬುತ್ತೇನೆ. ಆದ್ದರಿಂದ ಜನ ನೋಡದ ಚಿತ್ರಕ್ಕೆ ಪ್ರಶಸ್ತಿ ಕೊಡುವುದರಲ್ಲಿ ತಪ್ಪಿಲ್ಲ.

ಪ್ರಶಸ್ತಿ ಕೊಟ್ಟ ಮೇಲೂ ಜನರಿಗೆ ತೋರಿಸದಿರುವುದು ಮಾತ್ರ ತಪ್ಪು. ಸ್ವರ್ಣ ಕಮಲಕ್ಕೆ 3 ಲಕ್ಷ, ರಜತ ಕಮಲಕ್ಕೆ 2 ಲಕ್ಷ ರೂಪಾಯಿ ನಗದು ಬಹುಮಾನವಿದೆ. ಅಷ್ಟರಿಂದ ಚಿತ್ರವೊಂದನ್ನು ರಾಜ್ಯದ ಊರೂರಿಗೆ ತಲುಪಿಸಲು ಯಾವ ನಿರ್ಮಾಪಕರಿಂದಲೂ ಆಗದು. ಒಂದು ಕಾಲದಲ್ಲಿ ದೂರದರ್ಶನವು ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರಗಳನ್ನು ಇಡೀ ದೇಶಕ್ಕೆ ತೋರಿಸುತ್ತಿತ್ತು, ಬೇರೆ ಭಾಷೆಯ ಒಳ್ಳೆಯ ಚಿತ್ರಗಳ ಪರಿಚಯ ನಮ್ಮಲ್ಲಿ ಅನೇಕರಿಗೆ ಆದದ್ದು ಹಾಗೆಯೇ. ಆಯಾ ವರ್ಷ ಪ್ರಶಸ್ತಿ ಪಡೆದ ಕನ್ನಡ, ತುಳು ಚಿತ್ರಗಳನ್ನು ಜಿಲ್ಲಾ ಕೇಂದ್ರಗಳ ರಂಗಮಂದಿರಗಳಲ್ಲಿ ಒಂದೊಂದು ದಿನ ಪ್ರದರ್ಶಿಸುವುದು ಸರ್ಕಾರಕ್ಕೆ ಭಾರವಾಗುವ ಕೆಲಸವೇನಲ್ಲ.

ಪ್ರಶ್ನೆ: 2018ರಲ್ಲಿ ರಾಷ್ಟ್ರಪತಿಗಳು ಎಲ್ಲರಿಗೂ ಪ್ರಶಸ್ತಿ ಕೊಡಲಿಲ್ಲವೆಂದು ಹಲವರು ಸಮಾರಂಭಕ್ಕೇ ಹೋಗಲಿಲ್ಲ. ಯಾರು ಕೊಟ್ಟರೇನು, ಪ್ರಶಸ್ತಿ ಪ್ರಶಸ್ತಿಯೇ ಅಲ್ಲವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಪ್ರಸಿದ್ಧ ನಟರಿಗೆ ಹಾಗೆನ್ನಿಸಬಹುದು. ಸಂಕಲನಕಾರರು, ಪ್ರಸಾಧನ ಕಲಾವಿದರು, ಧ್ವನಿ ತಂತ್ರಜ್ಞರ ಮಾತು ಬೇರೆ. ಜೀವಮಾನದಲ್ಲಿ ಅವರ ಹೆಸರನ್ನು ಜನ ಕೇಳುವ ವೇದಿಕೆ ಇದೊಂದೇ ಆಗಿರುವ ಸಂದರ್ಭಗಳೇ ಹೆಚ್ಚು. 1954ರಲ್ಲಿ ಈ ಪ್ರಶಸ್ತಿ ಶುರುವಾದಾಗ ಗೌರವವಿದ್ದದ್ದು ಚಿತ್ರಗಳಿಗಷ್ಟೇ. ಕಲಾವಿದರು, ತಂತ್ರಜ್ಞರಿಗೆ ಪ್ರತ್ಯೇಕ ಪ್ರಶಸ್ತಿ ಬಂದದ್ದು 1967ರ ಚಿತ್ರಗಳಿಂದ. ಆ ವರ್ಷ, ಅಂದರೆ 2018ರಲ್ಲಿ, ಸಮಾರಂಭದ ಹಿಂದಿನ ದಿನ ತಾಲೀಮಿಗೆಂದು ಬಂದವರಿಗೆ, ರಾಷ್ಟ್ರಪತಿಗಳು 11 ಮಂದಿಗೆ ಮಾತ್ರ ಪ್ರಶಸ್ತಿ ನೀಡುತ್ತಾರೆ, ಉಳಿದವರಿಗೆ ಸಚಿವರು ನೀಡುತ್ತಾರೆ ಎಂದು ತಿಳಿಸಲಾಯಿತು. ಇಂಥ ಕಾರ್ಯಕ್ರಮಗಳಲ್ಲಿ ರಾಷ್ಟ್ರಪತಿಗಳು ಒಂದು ಗಂಟೆಯಷ್ಟೇ ಇರುತ್ತಾರೆ ಎಂಬುದು ಅವರ ಕಚೇರಿ ಕೊಟ್ಟ ವಿವರಣೆ. ಐವತ್ತಕ್ಕೂ ಹೆಚ್ಚು ಮಂದಿ ಮರುದಿನ ವಿಜ್ಞಾನ ಭವನಕ್ಕೆ ಹೋಗಲಿಲ್ಲ. ಮನೆಯವರನ್ನೂ ದೆಹಲಿಗೆ ಕರೆತಂದು, ಕೊನೆಯ ಗಳಿಗೆಯಲ್ಲಿ ‘ನೀವು ಎರಡನೆಯ ಸಾಲಿನವರು’ ಎನ್ನಿಸಿಕೊಳ್ಳುವ ನೋವು ಸಣ್ಣದಲ್ಲ. ಅವರು ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. 2022ರಿಂದ ನಡೆದ ನಾಲ್ಕು ಸಮಾರಂಭಗಳಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರೇ ಪ್ರಶಸ್ತಿ ಪ್ರದಾನ ಮಾಡಿದ್ದಾರೆ. ಮುಂದೆ ಎಂದಾದರೂ ಸಮಯ ಸಾಲದೆಂದು ಕಂಡರೆ ಭಾಷಣಗಳನ್ನು ಮೊಟಕುಗೊಳಿಸಲಿ.