ಯುಕುಲೆಲೆಯ 24 ಸಸ್ಪೆಂಡೆಡ್ ಕಾರ್ಡ್‌ಗಳನ್ನೂ ಬಾಯಿಪಾಠ ಮಾಡಬೇಕಾ?

ಬೇಡ. ಯುಕುಲೆಲೆ (ಗಿಟಾರ್‌ನಂಥ ನಾಲ್ಕು ತಂತಿಯ ಪುಟ್ಟ ವಾದ್ಯ) ಕಲಿಯಲು ನೀವು ಗೋಡೆಗೆ ಅಂಟಿಸಿಕೊಂಡಿರುವ ಆ 24 ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಂಪುಗಳ, ಚಾರ್ಟನ್ನು ತೆಗೆದುಬಿಡಿ. ದಾವಣಗೆರೆಯ ವಿದ್ಯಾನಗರದ ಮನೆಯಲ್ಲಿ ನಾನೂ ಅಂಥದ್ದೇ ಚಾರ್ಟ್ ಅಂಟಿಸಿಕೊಂಡು ಮೂರು ತಿಂಗಳು ಕೂತಿದ್ದೆ.

ನನ್ನನ್ನು ಕೆಡಿಸಿದ್ದು ಒಂದು ಬೆರಳು. ಸಿ ಕಾರ್ಡ್‌ಗೆ ಎ ತಂತಿಯ 3ನೇ ಫ್ರೆಟ್ (ಹಿಡಿಯ ಮೇಲಿನ ಅಡ್ಡಪಟ್ಟಿಗಳ ನಡುವಿನ ಮನೆ) ಒತ್ತಿದರೆ ಸಾಕು. ಒಂದೇ ಬೆರಳು ತಾನೇ ಅಂತ ತೋರುಬೆರಳು ಇಟ್ಟೆ. ಸದ್ದು ಸರಿಯಾಗಿಯೇ ಬರುತ್ತಿತ್ತು, ಹಾಗಾಗಿ ಯಾರೂ ತಿದ್ದಲಿಲ್ಲ. ಆದರೆ ಸಿ ಸಸ್ 4 (ಸಸ್ ಎಂದರೆ ಸಸ್ಪೆಂಡೆಡ್) ಅಂದರೆ ಅದೇ ಸಿ, ಜೊತೆಗೆ ಇ ತಂತಿಯ 1ನೇ ಫ್ರೆಟ್. ಅಲ್ಲಿ ಕೂರಬೇಕಾದದ್ದು ತೋರುಬೆರಳು. ನನ್ನದು ಆಗಲೇ 3ರಲ್ಲಿ ಸಿಕ್ಕಿಕೊಂಡಿತ್ತು. ಉಳಿದ ಬೆರಳುಗಳನ್ನು ಅದರ ಹಿಂದಕ್ಕೆ ತಿರುಚಲು ಆಗುವುದಿಲ್ಲ. ಪ್ರತಿ ಸಲ ಇಡೀ ಕೈ ಎತ್ತಿ ಮತ್ತೆ ಇಡಬೇಕಾಗುತ್ತಿತ್ತು. ಅಷ್ಟರಲ್ಲಿ ತಾಳ ಹೋಗಿರುತ್ತಿತ್ತು.

ಚಿತ್ರದುರ್ಗದಲ್ಲಿ ಅಕ್ಕನ ನಿಶ್ಚಿತಾರ್ಥ. ಅವಳೇ ಹಾಡಿದಳು, ನಾನು ಪಕ್ಕದಲ್ಲಿ ನುಡಿಸಿದೆ. ಪ್ರತಿ ಸಾಲಿನ ಕೊನೆಗೆ ಸಿ, ಸಸ್ 4, ಮತ್ತೆ ಸಿ. ಮೂರು ಸಾಲು ನನಗಾಗಿ ಕಾದಳು. ಆಮೇಲೆ ನನ್ನನ್ನು ಬಿಟ್ಟು ಹಾಡಿಕೊಂಡು ಹೋದಳು. ನೆನೆದರೆ ಈಗಲೂ ಸಂಕಟವಾಗುತ್ತದೆ. ರಾತ್ರಿ ಹತ್ತಿರ ಕೂರಿಸಿಕೊಂಡು ಹೇಳಿದಳು: "ನೀನು ಸ ಮ ಪ ಹಿಡೀತಿದ್ದೀಯ ಕಣೋ. ಆ ಮ ಹಾಗೇ ತೂಗಾಡ್ತಾ ನಿಂತಿರುತ್ತೆ. ಗಕ್ಕೆ ಇಳಿಸೋದೇ ಇಲ್ಲವಲ್ಲ ನೀನು."

ಅವಳು ಕರ್ನಾಟಕ ಸಂಗೀತ ಕಲಿತವಳು. ನನಗೆ ಅಲ್ಲೇ ಅರ್ಥವಾಯಿತು. ಕಾರ್ಡ್ ಮೇಜರ್ರೋ ಮೈನರ್ರೋ ಅಂತ ಹೇಳುವುದೇ ಗಾಂಧಾರ, ಅಂದರೆ ಗ. ಅದನ್ನು ತೆಗೆದು ಮ ಇಟ್ಟರೆ ಸಸ್ 4, ರಿ ಇಟ್ಟರೆ ಸಸ್ 2. ಸಿ ಅನ್ನು ಉಂಗುರದ ಬೆರಳಲ್ಲಿ ಹಿಡಿದಿದ್ದರೆ, ತೋರುಬೆರಳು ಇಟ್ಟಾಗ ಮ, ಎತ್ತಿದರೆ ಗ. ಕೈ ಅಲುಗುವುದೇ ಇಲ್ಲ!

ಹಳೇ ಅಭ್ಯಾಸ ಬಿಡಿಸಲು ಎರಡು ತಿಂಗಳು ಹಿಡಿಯಿತು. ದಿನಾ ಬೆಳಗ್ಗೆ ಕುಂದುವಾಡ ಕೆರೆ ಏರಿಯ ಮೇಲೆ ಕೂತು ಇದೊಂದನ್ನೇ ನುಡಿಸುತ್ತಿದ್ದೆ.

ಸಸ್ 2 ಮೊದಲೋ ಸಸ್ 4 ಮೊದಲೋ ಅಂತಲೂ ಕೇಳಿದ್ದೀರಿ. ಅವು ಬೇರೆ ಬೇರೆ ಪಾಠ ಅಲ್ಲವೇ ಅಲ್ಲ. ಸಿ ಸಸ್ 2 ಹಿಡಿಯುವ 0233 (ಜಿ, ಸಿ, ಇ, ಎ ತಂತಿಗಳಲ್ಲಿ ಕ್ರಮವಾಗಿ ಒತ್ತುವ ಫ್ರೆಟ್; 0 ಅಂದರೆ ಒತ್ತದೆ ಬಿಟ್ಟ ತಂತಿ) ಇದೆಯಲ್ಲ, ಅದೇ ಜಿ ಸಸ್ 4. ಹೆಸರು 24 ಇದ್ದರೂ ಸ್ವರಗಳ ಗುಂಪು 12 ಮಾತ್ರ. ಗೊತ್ತಿರುವ ಕಾರ್ಡ್‌ನಿಂದ ಹೊರಟು ಅಲ್ಲಿಗೇ ವಾಪಸ್ ಬನ್ನಿ. ಜಿ ಕಾರ್ಡ್ ಹಿಡಿದು ಎ ತಂತಿಯ 3ಕ್ಕೆ ಕಿರುಬೆರಳು ಸೇರಿಸಿದರೆ ಸಸ್ 4. ಆ ತಂತಿಯನ್ನು ಪೂರ್ತಿ ಬಿಟ್ಟರೆ ಸಸ್ 2.

ಅದಕ್ಕೂ ಮೊದಲು, ಈಗ ನೀವು ಸಿ ಅನ್ನು ಯಾವ ಬೆರಳಲ್ಲಿ ಹಿಡಿಯುತ್ತಿದ್ದೀರಿ, ಒಮ್ಮೆ ನೋಡಿಕೊಳ್ಳಿ.