ಹಳೆ ಡೆತ್ ಮೆಟಲ್, ಬ್ಲ್ಯಾಕ್ ಮೆಟಲ್ ಆಲ್ಬಂಗಳ ಹೊಸ ಆವೃತ್ತಿ ಕೊಳ್ಳಬೇಕಾ?
ಡೆತ್ ಮೆಟಲ್, ಬ್ಲ್ಯಾಕ್ ಮೆಟಲ್ ಅಂದ್ರೆ ಅಬ್ಬರದ ರಾಕ್ ಸಂಗೀತದ ಎರಡು ಬಗೆ. ರೀಮಾಸ್ಟರ್ ಅಂತ ಸ್ಟಿಕರ್ ಅಂಟಿಸಿದ್ದಕ್ಕೆಲ್ಲ ದುಡ್ಡು ಸುರಿಯಬೇಡಿ. ರೀಮಾಸ್ಟರ್ ಅಂದ್ರೆ ಎಲ್ಲ ವಾದ್ಯ, ದನಿ ಸೇರಿಸಿ ಮುಗಿಸಿದ ಮಿಕ್ಸಿನ ಒಟ್ಟು ಸದ್ದನ್ನು ತಿದ್ದೋದು, ಎಷ್ಟೋ ಸಲ ಸುಮ್ನೆ ಜೋರು ಮಾಡಿರುತ್ತಾರೆ ಅಷ್ಟೇ. ರೀಮಿಕ್ಸ್ ಬೇರೆ. ಅದರಲ್ಲಿ ಡ್ರಮ್, ಗಿಟಾರ್, ಬೇಸ್ ಟ್ರ್ಯಾಕ್‌ಗಳನ್ನು ಬಿಡಿಬಿಡಿಯಾಗಿ ತೆಗೆದು ಮತ್ತೆ ಹದ ಮಾಡುತ್ತಾರೆ.

ಅಮೆರಿಕದ ಫ್ಲೋರಿಡಾದ 'ಡೆತ್' ಅನ್ನೋ ಡೆತ್ ಮೆಟಲ್ ಬ್ಯಾಂಡಿನ 'ಹ್ಯೂಮನ್' (1991) ತಗೊಳ್ಳಿ. ಹಳೆಯದರಲ್ಲಿ ಸ್ಟೀವ್ ಡಿಜಾರ್ಜಿಯೋ ನುಡಿಸಿದ ಬೇಸ್, ಉಳಿದ ಗಿಟಾರ್‌ಗಳ ಅಡಿಯಲ್ಲಿ ಹೂತುಹೋಗಿತ್ತು, 2011ರಲ್ಲಿ ರಿಲ್ಯಾಪ್ಸ್ ಕಂಪನಿ ತಂದ ರೀಮಿಕ್ಸ್‌ನಲ್ಲಿ ಅದು ಮೇಲೆದ್ದು ಬಂದು ಒಂದೊಂದು ಸ್ವರವೂ ಕಿವಿಗೆ ಸಿಗುತ್ತದೆ. ಇದನ್ನು ಕಣ್ಣು ಮುಚ್ಚಿ ಕೊಳ್ಳಿ.

ಬ್ಲ್ಯಾಕ್ ಮೆಟಲ್ ಕಥೆ ಉಲ್ಟಾ. ನಾರ್ವೆಯ ಡಾರ್ಕ್‌ಥ್ರೋನ್ ಬ್ಯಾಂಡಿನ 'ಟ್ರಾನ್ಸಿಲ್ವೇನಿಯನ್ ಹಂಗರ್' (1994) ಬರೀ ನಾಲ್ಕು ಟ್ರ್ಯಾಕ್ ಹಿಡಿಯೋ ರೆಕಾರ್ಡರ್‌ನಲ್ಲಿ ಮಾಡಿದ್ದು, ಆ ಒರಟು ಗರಗರ ಸದ್ದೇ ಅದರ ಜೀವ ಅಲ್ವಾ? ಅದನ್ನು ತೊಳೆದು ಶುಚಿ ಮಾಡಿದ್ರೆ ಕೇಳೋಕೆ ಏನೂ ಉಳಿಯಲ್ಲ.